ಮೂವತ್ತಾಳು ನೀರು

ಮೊನ್ನೆ ಟ್ರಂಕಿನ ತಳದಿಂದ ಹಳೆಯ ರಗ್ಗು ಎಳೆಯುವಾಗ ಅದರ ಮಡಿಕೆಯಿಂದ ಒಂದು ನೀಲಿ ರಬ್ಬರ್ ಟೊಪ್ಪಿಗೆ ಬಿತ್ತು. ಎರಡು ಮಗ್ಗುಲೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ಮೂಗಿನ ಹತ್ತಿರ ತಂದೆ. ಇಷ್ಟು ವರ್ಷದ ಮೇಲೂ ಬ್ಲೀಚಿಂಗ್ ಪೌಡರಿನ ವಾಸನೆ ಇತ್ತೋ, ಇರಬೇಕು ಎಂದು ನನ್ನ ಮೂಗೇ ಹಟ ಹಿಡಿಯಿತೋ, ಹೇಳಲಾರೆ. ಏಳಲು ಹೋದರೆ ಮೊಣಕಾಲು ಕಟಕ್ ಎಂದಿತು. ಟೊಪ್ಪಿಗೆ ನನ್ನ ಅತ್ತೆಯದು. ಮೊಣಕಾಲು ನನ್ನದೇ, ಆದರೂ ಅದು ನಿಮ್ಮ ಅವ್ವನಿಂದಲೇ ಬಂದದ್ದು ಎಂದು ಗಂಡನ ಎದುರು ದೂರುತ್ತಿರುತ್ತೇನೆ. ಅತ್ತೆಯ ಮೊಣಕಾಲು ಸೊಸೆಗೆ ಹೇಗೆ ಬರುತ್ತದೆ ಎಂದು ಅವರು ಇದುವರೆಗೆ ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಊರಿಗೆ ಒಂದೊಂದಾಗಿ ದೊಡ್ಡ ಕಚೇರಿಗಳು ಬಂದಂತೆ ಒಂದು ಈಜುಕೊಳವೂ ಬಂತು. ಅದೂ ಮೇಲೆ ಚಾವಣಿ ಇರುವಂಥದ್ದು. ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯಲ್ಲಿ ನೀರಿನ ಮೇಲೆ ತಗಡು ಹೊದಿಸಿದ್ದು ಯಾಕೆಂದು ಯಾರಿಗೂ ಬಗೆಹರಿಯಲಿಲ್ಲ. ನಮ್ಮ ಓಣಿಯಲ್ಲಿ ಹೂ ಮಾರುವಾಕೆ, "ನೀರಿಗೆ ಬಿಸಲ ಬಡೀತೈತೇನ್ರಿ ಅಕ್ಕಾರ?" ಎಂದು ನನ್ನನ್ನೇ ಕೇಳಿದಳು. ನಾನು ಶಾಲೆಯ ಟೀಚರ್ ಆದದ್ದರಿಂದ ಇಂಥ ಪ್ರಶ್ನೆಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು.

ಅದೇ ಹೊತ್ತಿಗೆ ಅತ್ತೆಯ ಮೊಣಕಾಲು ಕೈಕೊಟ್ಟವು. ನೆಲಕ್ಕೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ರೊಟ್ಟಿ ಬಡಿಯುವುದು ನಿಂತುಹೋಯಿತು. ಗ್ಯಾಸಿನ ಕಟ್ಟೆಯ ಮುಂದೆ ನಿಂತು ಬಡಿದು ನೋಡಿದರು. "ನಿಂತ ಬಡದ ರೊಟ್ಟಿ ಕಾಗದ ಇದ್ದಂಗ ಆಗ್ತೈತಿ" ಎಂದು ಹಿಟ್ಟು ಮುಚ್ಚಿಟ್ಟರು. ಡಾಕ್ಟರು ಮುಲಾಜಿಲ್ಲದೆ ಹೇಳಿದರು: "ಎದಿಮಟ ನೀರಾಗ ದಿನಾ ನಡೀರಿ. ನೀರು ಭಾರ ಹೊರ್ತೈತಿ. ಇಲ್ಲಂದ್ರ ಹಾಸಿಗಿ ಹಿಡೀತೀರಿ ನೋಡ್ರಿ ಅಮ್ಮಾ." ಅತ್ತೆ ಸೆರಗು ಬಿಗಿಯಾಗಿ ಹೊದ್ದುಕೊಂಡರು. ನಾಚಿಕೆ ಇರಬೇಕು ಅಂದುಕೊಂಡೆ. ಅದು ನಾಚಿಕೆಯಲ್ಲ, ಹೆದರಿಕೆ.

ನಾನು ಗಂಗಾವತಿಯ ಕಾಲುವೆ ಸೀಮೆಯವಳು. ನಮ್ಮಲ್ಲಿ ನೀರು ತಾನೇ ಹರಿದು ಗದ್ದೆಗೆ ಬರುತ್ತದೆ. ಅತ್ತೆಯ ತವರು ಯಲಬುರ್ಗಾ ಕಡೆಯ ಎರೆಹೊಲದ ಊರು. ಅಲ್ಲಿ ನೀರಿನ ಹತ್ತಿರ ಮನುಷ್ಯರೇ ಮೆಟ್ಟಿಲಿಳಿದು ಹೋಗಬೇಕಿತ್ತು. ಹಾಗೆ ಕೊಡ ಹಿಡಿದು ಬಾವಿಗೆ ಇಳಿದ ಇಬ್ಬರು ಅಕ್ಕತಂಗಿಯರಲ್ಲಿ ಅತ್ತೆ ಮಾತ್ರ ಮೇಲೆ ಬಂದಿದ್ದರು. ತಂಗಿ ನೀಲವ್ವ ಪಾಚಿ ಮೆಟ್ಟಿಲಲ್ಲಿ ಜಾರಿದಳು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನೇ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರಂತೆ. ಮೇಲೆ ನಿಂತ ಹಿರಿಯರು "ತಳ ಸಿಗವಲ್ದು, ತಳ ಇಲ್ಲ ಇದಕ್ಕ" ಅನ್ನುತ್ತಿದ್ದರಂತೆ. ಸಂಜೆಗೆ ನೀಲವ್ವ ಸಿಕ್ಕಳು. ಆದರೆ ತಳ ಇಲ್ಲ ಎಂಬ ಮಾತು ಮೇಲೆ ನಿಂತಿದ್ದ ಚಿಕ್ಕ ಅಕ್ಕನ ಕಿವಿಯಲ್ಲಿ ಉಳಿದುಬಿಟ್ಟಿತು. ಅತ್ತೆ ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚುತ್ತಿರಲಿಲ್ಲ. ಸೋಪು ಹೋಗಿ ಕಣ್ಣು ಕೆಂಡವಾದರೂ ತೆರೆದೇ ಇರುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನಾನದನ್ನು ಹಟಮಾರಿತನ ಅಂದುಕೊಂಡಿದ್ದೆ.

ಅಂತೂ ಒಂದು ಮುಂಜಾನೆ, ಹೆಂಗಸರ ವೇಳೆಯಲ್ಲಿ, ಇಬ್ಬರೂ ಹೊರಟೆವು. ಬಾಗಿಲಲ್ಲೇ ನಿಯಮಗಳ ಫಲಕ. ಅತ್ತೆಗೆ ಓದು ಬಾರದು. ನಾನು ಗಟ್ಟಿಯಾಗಿ ಓದುತ್ತಾ ಹೋದೆ, ಅವರು ಒಂದೊಂದಕ್ಕೂ ತೀರ್ಪು ಕೊಡುತ್ತಾ ಬಂದರು. ಸ್ನಾನ ಮಾಡಿಯೇ ಕೊಳಕ್ಕೆ ಇಳಿಯತಕ್ಕದ್ದು. "ಜಳಕ ಮಾಡಾಕ ಜಳಕ ಮಾಡಿ ಬರಬೇಕೇನು?" ಮೈಗೆ, ತಲೆಗೆ ಎಣ್ಣೆ ಹಚ್ಚಿರಬಾರದು. "ಎಣ್ಣಿ ಹಚ್ಚಲಿಲ್ಲಂದ್ರ ನೀರಿಗೆ ಯಾಕ ಇಳಿಬೇಕು?" ಕೊಳದ ಸುತ್ತ ಓಡಬಾರದು. "ಓಡಾಕ ಬರ್ತಿದ್ರ ಇಲ್ಲಿಗೆ ಯಾಕ ಬರ್ತಿದ್ದೆ?" ನೀರಿನಲ್ಲಿ ಉಗುಳಬಾರದು. ಇದಕ್ಕೆ ಮಾತ್ರ ತಲೆದೂಗಿ, "ಇದು ಛಲೋ ಬರದಾರ" ಅಂದರು. ಸೀರೆ ಉಟ್ಟು ಇಳಿಯುವಂತಿಲ್ಲ ಎಂಬುದನ್ನು ನಾನು ನುಂಗಿಕೊಂಡೆ. ಮೈತುಂಬ ಮುಚ್ಚುವ ನೈಲಾನ್ ಉಡುಪು, ಅವರ ಮಗ ಹೊಸಪೇಟೆಯಿಂದ ತಂದದ್ದು, ನನ್ನ ಚೀಲದಲ್ಲೇ ಇತ್ತು. ಒಳಗೆ ಹೋಗಿ ಅದನ್ನು ತೊಡಿಸುವಷ್ಟರಲ್ಲಿ ನನಗೇ ಜಳಕವಾದಷ್ಟು ಬೆವರು. ಟೊಪ್ಪಿಗೆಗೆ ಮಾತ್ರ ತಕರಾರು ಬರಲಿಲ್ಲ. ಇಳಕಲ್ ಸೀರೆಯ ಸೆರಗು ಹುಡುಕುತ್ತಾ ತಲೆಗೆ ಹೋದ ಕೈಗೆ ರಬ್ಬರ್ ಸಿಕ್ಕಿತು. "ತಲಿ ಮ್ಯಾಲ ಸೆರಗ ಇದ್ದಂಗ ಆತು ಬಿಡು" ಅಂದರು.

ಹೆಂಗಸರ ವೇಳೆಯನ್ನು ನೋಡಿಕೊಳ್ಳುವವಳು ಶಾಹೀನ್. ಕೊರಳಲ್ಲಿ ಸೀಟಿ, ಮುಖದಲ್ಲಿ ಸದಾ ನಿದ್ದೆ ಸಾಲದವರ ಕಳೆ. ಬಂದವರೆಲ್ಲ ಅವಳನ್ನು ಕೇಳುತ್ತಿದ್ದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನೀರು ದಿನಾ ಬದಲಿಸ್ತೀರೇನ್ರಿ? ಕೂದಲು ಉದುರ್ತಾವೇನ್ರಿ? ಇದು ಡ್ಯಾಮಿನ ನೀರೇನ್ರಿ? ಒಬ್ಬಾಕೆ ಮೀನು ಇದಾವೇನು ಎಂದೂ ಕೇಳಿದ್ದಳು. ನಾನು ಬಟ್ಟೆಯ ಚೀಲ ಇಡಲು ಆಚೆ ಹೋಗಿದ್ದಾಗ ಅತ್ತೆಯೂ ತಮ್ಮ ಪ್ರಶ್ನೆ ಕೇಳಿದರು. ಅಲ್ಲಿ ನಡೆದದ್ದು ನನಗೆ ತಿಳಿದದ್ದು ಎಷ್ಟೋ ವಾರಗಳಾದ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ.

ಬಾವಿಯ ಊರುಗಳಲ್ಲಿ ನೀರನ್ನು ಅಳೆಯುವುದು ಆಳಿನಿಂದ. ಒಬ್ಬ ಆಳು ಮುಳುಗುವಷ್ಟಿದ್ದರೆ ಒಂದಾಳು ನೀರು, ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತರೂ ಮುಳುಗಿದರೆ ಎರಡಾಳು ನೀರು. ಅತ್ತೆ ಕೊಳಕ್ಕೆ ಕೈ ತೋರಿಸಿ, "ಎಷ್ಟಾಳಿಂದವ್ವ ಇದು?" ಎಂದು ಕೇಳಿದ್ದಾರೆ. ಒಂದು ವೇಳೆಗೆ ಎಷ್ಟು ಮಂದಿಯನ್ನು ಬಿಡುತ್ತೀರಿ ಎಂಬ ಪ್ರಶ್ನೆಯೂ ಶಾಹೀನಳಿಗೆ ದಿನಾ ಬರುವಂಥದ್ದೇ. ಅದನ್ನೇ ಕೇಳಿದರೆಂದುಕೊಂಡು, "ಮೂವತ್ತಾಳಿಂದ್ರಿ ಅಮ್ಮಾ" ಅಂದಿದ್ದಾಳೆ.

ನಾನು ಬಂದಾಗ ಅತ್ತೆ ಅಂಚಿನಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು. ತಗಡಿನ ನಡುವಿನ ಗಾಜಿನಿಂದ ಬೆಳಕು ಇಳಿದು, ನೀರಿನ ಅಡಿಯ ನೀಲಿ ಹಂಚುಗಳ ಮೇಲೆ ಬಲೆಯ ಹಾಗೆ ಆಡುತ್ತಿತ್ತು. ಅಡಿಯಲ್ಲಿ ಎಳೆದಿದ್ದ ಕಪ್ಪು ಗೆರೆ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಅತ್ತೆಯ ಬಾಯಿ ಅರ್ಧ ತೆರೆದಿತ್ತು. "ತಳ ಕಾಣಸ್ತೈತಿ" ಅಂದರು. ಮತ್ತೆ ಅದೇ ಮಾತು. ನನಗೆ ಆಗ ಹೊಳೆಯಿತು. ಈ ಜೀವ ಇಷ್ಟು ವಯಸ್ಸಿನವರೆಗೆ ಬಾವಿಯ ಕಪ್ಪು ನೀರು ಕಂಡಿದೆ, ಹಳ್ಳದ ಕೆಂಪು ನೀರು ಕಂಡಿದೆ, ಮುನಿರಾಬಾದಿನಲ್ಲಿ ಸಮುದ್ರದ ಹಾಗೆ ನಿಂತ ಡ್ಯಾಮಿನ ನೀರು ಕಂಡಿದೆ. ನಿಂತ ನೀರಿನ ತಳ ಮಾತ್ರ ಒಮ್ಮೆಯೂ ಕಂಡಿಲ್ಲ. "ಅವತ್ತ ಇಂಥಾ ನೀರ ಇದ್ದಿದ್ರ" ಅಂದರು, "ನಮ್ಮ ನೀಲವ್ವ ಎಲ್ಲಿ ಅದಾಳ ಅಂತ ಮ್ಯಾಲಿಂದನ ಕಾಣಸ್ತಿತ್ತಲ್ಲ."

ಆಮೇಲೆ ಟೊಪ್ಪಿಗೆಯ ಅಂಚಿನೊಳಗಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಅರಿಷಿಣ, ಕುಂಕುಮ. ಶಾಹೀನ್ ಓಡಿ ಬಂದಳು. ಓಡಬಾರದೆಂಬ ನಿಯಮ ಅವಳಿಗಿಲ್ಲ. "ನೀರಾಗ ಏನೂ ಹಾಕಂಗಿಲ್ರಿ ಅಮ್ಮಾ, ಮಷೀನ್ ಖರಾಬ್ ಆಕ್ಕೈತಿ." ಅತ್ತೆ ವಾದ ಮಾಡಲಿಲ್ಲ. ಕೊಳದ ಒಳಗೋಡೆಗುಂಟ ಹಾಯ್ದಿದ್ದ ಉಕ್ಕಿನ ಸರಳಿಗೆ ಕುಂಕುಮದ ಬೊಟ್ಟು ಇಟ್ಟು, ಬೊಗಸೆ ನೀರು ಕಣ್ಣಿಗೊತ್ತಿಕೊಂಡು, "ಕಾಯವ್ವ ಗಂಗವ್ವ" ಎಂದು ಆ ಸರಳನ್ನೇ ಎರಡೂ ಕೈಯಲ್ಲಿ ಹಿಡಿದು ಇಳಿದರು. ಶಾಹೀನ್ ಬೊಟ್ಟು ಒರೆಸದೆ ಹೋದಳು.

ವಾರಗಟ್ಟಲೆ ಹೀಗೇ ನಡೆಯಿತು. ಮುಂದೆ ಅವರು, ಹಿಂದೆ ನಾನು, ಸರಳು ಹಿಡಿದು ಗೋಡೆಗುಂಟ ಹೋಗುವುದು, ಬರುವುದು. ಕಾಲುವೆ ಸೀಮೆಯವಳೆಂದು ಜಂಬ ಕೊಚ್ಚುವ ನನಗೂ ಈಜು ಬಾರದು. ಕಾಲುವೆಗೆ ಇಳಿದರೆ ಕಾಲು ಮುರಿಯುತ್ತೇನೆ ಎಂದು ನಮ್ಮಪ್ಪ ಬೆಳೆಸಿದ ಹುಡುಗಿ ನಾನು. ಅಲ್ಲಿ ಬರೀ ನಾಲ್ಕಡಿ ನೀರೆಂದು ಫಲಕದಲ್ಲಿ ಓದಿ ಗೊತ್ತಿದ್ದೂ ನಾನು ಸರಳು ಬಿಟ್ಟವಳಲ್ಲ. ಅತ್ತೆಯ ಲೆಕ್ಕವೇ ಬೇರೆಯಿತ್ತು. ತಾವು ಕಾಲೂರಿದ್ದು ಬಾವಿಯಲ್ಲಿದ್ದ ಹಾಗೆ ಒಂದು ಮೆಟ್ಟಿಲು, ತಳ ಕಣ್ಣಿಗೆ ಹತ್ತಿರ ಕಂಡರೂ ಒಂದು ಹೆಜ್ಜೆ ಆಚೆಗೆ ಮೂವತ್ತಾಳು ನೀರು. ಅದು ಅವರ ನಂಬಿಕೆ.

ಒಂದು ದಿನ ಗೋಡೆಯ ನಡುಮಧ್ಯೆ ನಿಂತರು. ಕಪ್ಪು ಗೆರೆಯನ್ನೇ ನೋಡಿದರು. "ನೀ ಇಲ್ಲೇ ನಿಂದ್ರು" ಅಂದವರೇ ಸರಳು ಬಿಟ್ಟರು. ಎರಡೂ ಕೈ ಚಾಚಿ, ತುಂಬಿದ ಕೊಡ ಹೊತ್ತವರ ಹಾಗೆ ಕತ್ತು ನೇರ ಹಿಡಿದು, ಕೊಳದ ಅಡ್ಡಕ್ಕೆ ನಡೆದೇಬಿಟ್ಟರು. ಪ್ರತಿ ಹೆಜ್ಜೆಗೂ ಕಾಲು ಅಂಜುತ್ತಾ ಹುಡುಕುತ್ತಿತ್ತು. ಆಚೆಯ ಗೋಡೆ ಮುಟ್ಟಿ ತಿರುಗಿದಾಗ ಅವರ ಮುಖದಲ್ಲಿದ್ದ ಬೆಳಕನ್ನು ನಾನು ಇನ್ನೊಬ್ಬರ ಮುಖದಲ್ಲಿ ಕಂಡಿಲ್ಲ.

ಆಟೋದಲ್ಲಿ ಮನೆಗೆ ಬರುವಾಗ ನನ್ನ ಕೈ ಹಿಡಿದು, "ಮೂವತ್ತಾಳು ನೀರು ದಾಟಿದೆ ನೋಡವ್ವ" ಅಂದರು.

"ಮೂವತ್ತಾಳಂತ ಯಾರು ಹೇಳಿದ್ರು, ಅತ್ತಿ?"

"ಶಾಹೀನ ಹೇಳ್ಯಾಳ. ಮೆಟ್ಟಲ ಈಗ ಮುಗೀತೈತಿ, ಈಗ ಮುಗೀತೈತಿ ಅಂತ ಕಾಲ ಇಟ್ಟೆ. ಕಾಲಿಟ್ಟಲ್ಲೆಲ್ಲಾ ಒಂದೊಂದ ಮೆಟ್ಟಲ ಸಿಕ್ತು. ಗಂಗವ್ವ ಇಟ್ಲು."

ನಗು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಕೆಳಗೆ ಏನೂ ಇಲ್ಲ ಎಂದು ನಂಬಿಯೂ ಕಾಲು ಮುಂದಿಟ್ಟ ಒಬ್ಬರ ಪಕ್ಕದಲ್ಲಿ ನಾನು ಕೂತಿದ್ದೆ. ಅದು ನಾಲ್ಕಡಿ ಎಂದು ಹೇಳುವುದು ಟೀಚರಿನ ಕೆಲಸವಿರಬಹುದು. ನಾನು ಸೊಸೆಯಾಗಿಯೇ ಉಳಿದೆ.

ಮುಂದಿನ ಬೇಸಿಗೆಯಲ್ಲಿ ಅತ್ತೆಯ ತವರಿಗೆ ಒಂದು ಮದುವೆಗೆ ಹೋದೆವು. ಆ ಊರಿನಲ್ಲಿ ಅವರು ಎಂದೂ ಬಾವಿಯ ದಾರಿ ಹಿಡಿದವರಲ್ಲ, ಸುತ್ತು ಹಾಕಿ ಹೋಗುತ್ತಿದ್ದರು. ಆ ದಿನ ತಾವಾಗಿಯೇ, "ನಡಿ, ಬಾವಿ ನೋಡೂಣು" ಅಂದರು. ಬೋರುಗಳು ಬಂದ ಮೇಲೆ ಬಾವಿಯನ್ನು ಕೇಳುವವರಿರಲಿಲ್ಲ. ಒಣಗಿ ಬಿರಿದ ಕೆಸರು, ಒಂದು ಜಾಲಿ ಕಂಟಿ, ಯಾರದೋ ಹರಿದ ಚಪ್ಪಲಿ. ಅತ್ತೆ ನನ್ನ ಕೈ ಹಿಡಿಯದೆ ನಾಲ್ಕಾರು ಮೆಟ್ಟಿಲು ಇಳಿದು, ಬಗ್ಗಿ ನೋಡಿದರು.

"ಇಷ್ಟ ಏನವ್ವ ಇದು? ಎರಡಾಳ ಸೈತ ಇಲ್ಲ."

ಆಮೇಲೆ ಮೊಣಕಾಲು ಮಡಚಿ ಮೆಟ್ಟಿಲ ಮೇಲೆ ಕೂತರು. ಅವರು ಹಾಗೆ ಕೂತದ್ದನ್ನು ಕಂಡು ನಾನು ಖುಷಿಪಡಬೇಕಿತ್ತು. ಅವರು ತಳವನ್ನೇ ನೋಡುತ್ತಾ ಮೆಲ್ಲಗೆ ಅಂದರು: "ಇಲ್ಲೇ ಇದ್ಲಲ್ಲ ಆಕಿ. ದೂರ ಏನ ಹೋಗಿದ್ದಿಲ್ಲ."

ಅಂದಿನಿಂದ ಅತ್ತೆ ಜಳಕ ಮಾಡುವಾಗ ಕಣ್ಣು ಮುಚ್ಚುತ್ತಿದ್ದರು. ತೀರಿಹೋಗುವ ತನಕ ನೆಲಕ್ಕೆ ಕೂತೇ ರೊಟ್ಟಿ ಬಡಿದರು.

ಇವತ್ತು ಬೆಳಿಗ್ಗೆ ಆ ಟೊಪ್ಪಿಗೆ ಹಾಕಿಕೊಂಡು ನಾನೊಬ್ಬಳೇ ಕೊಳಕ್ಕೆ ಹೋದೆ. ಫಲಕಕ್ಕೆ ಹೊಸ ಬಣ್ಣ ಬಂದಿದೆ, ನಿಯಮಗಳು ಹಳೆಯವೇ. ಶಾಹೀನ್ ಇಲ್ಲ. ಸೀಟಿ ಹಾಕಿಕೊಂಡ ಬೇರೊಬ್ಬ ಹುಡುಗಿ, "ಹೆದರಬ್ಯಾಡ್ರಿ ಮೇಡಂ, ಇಲ್ಲಿ ನಾಲ್ಕ ಅಡಿ ಅಷ್ಟ ಐತಿ" ಅಂದಳು. ಗೊತ್ತು ಅಂದೆ. ಬೊಗಸೆ ನೀರು ಕಣ್ಣಿಗೊತ್ತಿಕೊಂಡು ಇಳಿದೆ. ಬೆಳಕಿನ ಬಲೆ ಅಲ್ಲೇ ಆಡುತ್ತಿತ್ತು, ಕಪ್ಪು ಗೆರೆ ಅಲ್ಲೇ ಇತ್ತು. ಗೋಡೆಯ ನಡುಮಧ್ಯೆ ಬಂದಾಗ ಸರಳು ಇನ್ನೂ ಬಿಗಿಯಾಗಿ ಹಿಡಿದೆ. ಹುಡುಗಿಗೆ ನಾಲ್ಕಡಿ, ನನಗೆ ಮೂವತ್ತಾಳು. ಸರಳು ಬಿಟ್ಟು ಕಾಲು ಮುಂದಿಟ್ಟೆ. ಮೆಟ್ಟಿಲು ಇತ್ತು.