ಸುಕೇಶನ ಬೆರಳಿನ ವಾಸನೆ

ಕಾಪುವಿನ ಅಕ್ಕು ಕೂತಲ್ಲೆಲ್ಲ ಬೀಡಿ ಕಟ್ಟುವವಳು. ಅನ್ನ ಬೇಯುವಷ್ಟು ಹೊತ್ತು ಸಿಕ್ಕಿದರೂ ಬೀಡಿ ಕಟ್ಟುವ ಮೊರ, ಅಂದರೆ ಗೆರಸೆ, ಅವಳ ಮಡಿಲಿಗೆ ಬರುತ್ತದೆ. ಶಾಲೆಯಿಂದ ಕರೆ ಬಂದಾಗಲೂ, ಕಾಯುವಾಗ ನಾಲ್ಕು ಕಟ್ಟಬಹುದೆಂದು, ಎಲೆ, ಹೊಗೆಸೊಪ್ಪು ತುಂಬಿದ ಗೆರಸೆಯೊಂದಿಗೇ ಹೋದಳು.

ಒಂಬತ್ತನೇ ತರಗತಿಯ ಮಗ ಸುಕೇಶ ತಲೆ ತಗ್ಗಿಸಿ ನಿಂತಿದ್ದ.

“ಇವನ ಬೆರಳಲ್ಲಿ ಹೊಗೆಸೊಪ್ಪಿನ ವಾಸನೆ ಉಂಟು,” ಎಂದರು ಸುಭಾಷಿಣಿ ಟೀಚರ್. “ಸೇದಿದ್ದಲ್ಲ, ಮನೆಯಲ್ಲಿ ಅಮ್ಮನಿಗೆ ಬೀಡಿ ಕಟ್ಟಿ ಕೊಡುವುದು ಅಂತ ಹೇಳ್ತಾನೆ. ಹೌದಾ? ಸುಳ್ಳಾದರೆ ಕಬಡ್ಡಿ ತಂಡದಿಂದ ಹೊರಗೆ.”

ಉಂಡ ಬಟ್ಟಲನ್ನೂ ಎತ್ತದ ಮಗನನ್ನು ಅಕ್ಕು ದಿಟ್ಟಿಸಿ ನೋಡಿ, ಗೆರಸೆಯನ್ನು ಅವನ ಮುಂದಿಟ್ಟಳು.

“ಒಂದು ಕಟ್ಟಿ ತೋರಿಸು ಮಗಾ.”

ಸುಕೇಶ ಬೆವರುತ್ತ ಸುತ್ತಿದ. ಅದು ಮೂಡೆ ಕಡುಬಿನಷ್ಟು ದಪ್ಪವಾಗಿ, ನೂಲು ಬಿಗಿಯುವ ಮೊದಲೇ ಬಿಚ್ಚಿಕೊಂಡಿತು.

“ಮನೆಯಲ್ಲಿ ಕಟ್ಟುವುದು ನಾನು ಮತ್ತು ಇವನ ಅಕ್ಕ. ಇವನಿಗೆ ಸೇದುವುದು ಮಾತ್ರ ಗೊತ್ತು ಟೀಚರ್,” ಎಂದಳು ಅಕ್ಕು. “ಆದರೆ ತಂಡದಿಂದ ತೆಗೆಯಬೇಡಿ. ದಿನಾ ಬೆಳಿಗ್ಗೆ ಮನೆಯ ಪಾತ್ರೆ ಪೂರ ಇವನೇ ತೊಳೆಯಲಿ. ನೀವು ಕೈ ಮೂಸಿ ನೋಡಿ. ಸೋಪಿನ ವಾಸನೆ ಇದ್ದರೆ ಮಾತ್ರ ಆಡಿಸಿ.”

ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದ ಟೀಚರ್ ಕೂಡಲೇ ಒಪ್ಪಿದರು.

ಸುಕೇಶ ಗಾಬರಿಯಿಂದ ತಲೆಯೆತ್ತಿದ.

“ಟೀಚರ್, ನನ್ನನ್ನು ತಂಡದಿಂದಲೇ ತೆಗೆಯಿರಿ.”