ಭಾವನ ಕೋಟೆ ಆಟಕ್ಕೆ ಶಬ್ದ ತಂದದ್ದು

ಅಕ್ಕನ ಗಂಡನ ಕಣ್ಣು ಮಂಜಾಗುತ್ತ ಬಂದ ಕಾಲದಲ್ಲಿ ಅವರು ಚನ್ನರಾಯಪಟ್ಟಣದಲ್ಲಿದ್ದರು, ನಾನು ಹೊಳೆನರಸೀಪುರದಲ್ಲಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದು ಹಾಸನದ ಡಾಕ್ಟರು ಹೇಳಿದ್ದರು. ಲೇಸರ್ ಆಯಿತು. ಇಷ್ಟಕ್ಕೇ ನಿಂತರೆ ಪುಣ್ಯ ಅಂದರು. ಭಾವನಿಗೆ ಅಂಚಿನಲ್ಲಿರುವುದು ಕಾಣುತ್ತಿತ್ತು, ನಡುವಿನದು ಕಾಣುತ್ತಿರಲಿಲ್ಲ. ಎದುರಿಗೆ ಬಂದವರ ಚಪ್ಪಲಿ ಗೊತ್ತಾಗುತ್ತಿತ್ತು, ಮುಖ ಗೊತ್ತಾಗುತ್ತಿರಲಿಲ್ಲ. ಅರಕಲಗೂಡಿನ ಹೈಸ್ಕೂಲಿನಲ್ಲಿ ಸರ್ವೀಸು ಪೂರ್ತಿ ಗಣಿತ ಹೇಳಿಕೊಟ್ಟವರು ಅವರು. ನಿವೃತ್ತಿಯ ನಂತರ ಚನ್ನರಾಯಪಟ್ಟಣಕ್ಕೆ ಬಂದು ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದರು. ಬೋರ್ಡಿನ ಮೇಲೆ ತಾವು ಬರೆದದ್ದು ತಮಗೇ ಕಾಣದಾದಾಗ ಅದನ್ನೂ ನಿಲ್ಲಿಸಿದರು.

ಅವರ ಮನೆಯಿಂದ ಫೋನ್ ಬಂದರೆ ಯಾವಾಗಲೂ ಅಕ್ಕನದೇ. ಒಂದು ಶನಿವಾರ ಭಾವನ ಧ್ವನಿ ಕೇಳಿಸಿತು. ಅವರು “ನಾನು ಕಣ್ಲಾ” ಅನ್ನುವಷ್ಟರಲ್ಲಿ ನಾನು ಮನಸ್ಸಿನಲ್ಲಿ ಹಾಸನದ ಆಸ್ಪತ್ರೆಯ ಮೆಟ್ಟಿಲು ಹತ್ತಿ, ರಕ್ತದ ಗುಂಪು ಯಾವುದೆಂದು ಹೇಳಲು ತಡವರಿಸುತ್ತಿದ್ದೆ.

“ಆ ಕೋಟೆ ಆಟ ಗೆಪ್ತಿ ಐತೇನ್ಲಾ?” ಅಂದರು.

ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದ ಒಂದು ಡಿಟಿಪಿ ಅಂಗಡಿ ಮುಚ್ಚಿದಾಗ ಅಲ್ಲಿದ್ದ ಹಳೇ ಕಂಪ್ಯೂಟರನ್ನು ಭಾವ ಅರಕಲಗೂಡಿಗೆ ತಂದಿದ್ದರು. ಪ್ರಶ್ನೆಪತ್ರಿಕೆ ಟೈಪ್ ಮಾಡಲು ಎಂಬುದು ಮನೆಯವರಿಗೆ ಹೇಳಿದ ಕಾರಣ. ಅದರೊಳಗೆ ಒಂದು ಆಟವೂ ಇತ್ತು. ಕಲ್ಲಿನ ಕೋಟೆ, ಉದ್ದುದ್ದ ಓಣಿಗಳು, ಬಾಗಿಲ ಹಿಂದೆ ಬಂದೂಕು ಹಿಡಿದ ಕಾವಲುಗಾರರು, ನಾಯಿಗಳು. ಸಿಕ್ಕಿಹಾಕಿಕೊಂಡ ಕೈದಿ ಹೊರಗೆ ಬರಬೇಕು. ಭಾನುವಾರ ನಾನು ಅಲ್ಲಿಗೆ ಹೋದರೆ ಭಾವ ಕೀಲಿ ಒತ್ತುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಹೆದರುತ್ತಿದ್ದೆ. ಅವರಿಗೆ ಅದು ಒಂದು ರೀತಿಯ ಸಹಾಯವೇ ಆಗಿತ್ತು ಎಂದು ಇಂದಿಗೂ ನಂಬಿಕೊಂಡಿದ್ದೇನೆ.

ಆಗಲೂ ಅವರು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದಲೇ ಆಡುತ್ತಿದ್ದರು. ಅವರ ಊರು ರುದ್ರಪಟ್ಟಣದ ಪಕ್ಕದಲ್ಲಿ. ಸ್ವತಃ ಒಂದು ಸಾಲು ಹಾಡಲು ಬರದು, ಬಂದರೂ ಕೇಳುವವರಿಗೆ ಕಷ್ಟ. ಆದರೆ ಅಲ್ಲಿನ ಸಂಗೀತೋತ್ಸವದಲ್ಲಿ ಕೊನೇ ಸಾಲಿನಲ್ಲಿ ಕೂತು, ಮೃದಂಗದ ಶ್ರುತಿ ಇಳಿದಿದೆ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ವೇದಿಕೆಯ ಮೇಲೆ ವಾದಕರ ಕೈ ಶ್ರುತಿ ಸರಿಮಾಡುವ ಕಲ್ಲಿನತ್ತ ಹೋಗುತ್ತಿತ್ತು.

“ಈಗ್ಲೂ ಆಡ್ಬೋದು ಕಣ್ಲಾ,” ಅಂದರು ಫೋನಿನಲ್ಲಿ. “ಗೋಡೆ ಎಲ್ಲೆಲ್ಲಿ ಅಂತ ಬಾಯಿಪಾಠ. ಕಾವಲಿನೋನು ಎಡಗಡೆಯಿಂದ ಬತ್ತಾವ್ನೋ ಬಲಗಡೆಯಿಂದ ಬತ್ತಾವ್ನೋ ಕಿವಿಗೇ ಗೊತ್ತಾಯ್ತದೆ.” ಮನೆಯಲ್ಲಿದ್ದ ಹೊಸ ಕಂಪ್ಯೂಟರಿನಲ್ಲಿ ಹಾಕಿಸಿ ನೋಡಿದ್ದರಂತೆ. ಆಟ ತೆರೆಯಿತು, ಶಬ್ದ ಮಾತ್ರ ಇಲ್ಲ. ಹೊಸದರಲ್ಲಿ ಹಳೇ ಆಟಗಳಿಗೆ ಹಾಗಾಗುತ್ತಿತ್ತು. ಹಳೇದನ್ನೇ ಅಟ್ಟದಿಂದ ಇಳಿಸಿ ಶಬ್ದ ಬರಿಸಿಕೊಡು ಅನ್ನುವುದು ಅವರ ಬೇಡಿಕೆ. ನಾನು ಏನೇನೋ ಅಡ್ಡಿ ಹೇಳಿದೆ. ಅವರು “ಒಂದಾದ್ರೂ ಕೆಲ್ಸ ಯಾರ ಕೈನೂ ಇಡೀದೆ ನಾನೊಬ್ನೇ ಮಾಡ್ಬೇಕು ಅನ್ನುಸ್ತದೆ ಕಣ್ಲಾ,” ಅಂದರು.

ಮಾರನೇ ದಿನವೇ ಹೊರಟೆ.

ನನ್ನನ್ನೇ ಯಾಕೆ ಕರೆದರು ಎಂಬುದಕ್ಕೆ ಒಂದು ಮಾತು ಹೇಳಬೇಕು. ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನಾನು ಹಿಂದೆ ಹಾಸನಕ್ಕೆ ಬಸ್ಸಿನಲ್ಲಿ ಹೋಗಿಬಂದು ಒಂದು ಕಂಪ್ಯೂಟರ್ ಕೋರ್ಸ್ ಮಾಡಿದ್ದೆ. ಅಂದಿನಿಂದ ನೆಂಟರಿಷ್ಟರಲ್ಲಿ ನಾನೇ ಕಂಪ್ಯೂಟರ್ ಪಂಡಿತ. ಕೋರ್ಸಿನಲ್ಲಿ ನಾನು ಸರಿಯಾಗಿ ಕಲಿತದ್ದು ಏನೇನು ಕೆಟ್ಟುಹೋಗಬಹುದು ಎಂಬುದನ್ನು ಮಾತ್ರ. ಬ್ಯಾಗಿನಲ್ಲಿ ಸ್ಕ್ರೂಡ್ರೈವರುಗಳು, ಅವು ಕಳೆದರೆ ಇರಲಿ ಎಂದು ಇನ್ನಷ್ಟು ಸ್ಕ್ರೂಡ್ರೈವರುಗಳು, ಟಾರ್ಚು, ಫ್ಯೂಸ್ ವೈರು, ರಬ್ಬರ್ ಚಪ್ಪಲಿ, ಸುಟ್ಟಗಾಯದ ಮುಲಾಮು. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸ್ಟೇಷನರಿ ಅಂಗಡಿಯಲ್ಲಿ ಫ್ಲಾಪಿ ಕೇಳಿದೆ. ಅಂಗಡಿಯವನು ನನ್ನನ್ನು ಮರುಕದಿಂದ ನೋಡಿ, ಧೂಳು ಊದಿ ಕೊಟ್ಟ.

ಅಟ್ಟದಿಂದ ಇಳಿಸಿ, ಸುತ್ತಿದ್ದ ಹಳೇ ಬೆಡ್‌ಶೀಟು ಬಿಚ್ಚಿ, ಮೇಜಿನ ಮೇಲಿಟ್ಟೆವು. ರಬ್ಬರ್ ಚಪ್ಪಲಿ ಹಾಕಿ, ಮಣೆಯ ಮೇಲೆ ನಿಂತು, ಮುಖ ಆಚೆ ತಿರುಗಿಸಿ ಸ್ವಿಚ್ ಒತ್ತಿದೆ. ಅಕ್ಕ ಬಾಗಿಲಲ್ಲಿ ನಿಂತು, ಪಟಾಕಿ ಹಚ್ಚುತ್ತಿದ್ದೀಯೇನೋ ಎಂದು ಕೇಳಿದಳು. ಕಂಪ್ಯೂಟರ್ ಎದ್ದಿತು, ಆದರೆ ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರಿಂದ ತನ್ನ ಹೊಟ್ಟೆಯಲ್ಲಿ ಡಿಸ್ಕ್ ಒಂದಿದೆ ಎಂಬುದನ್ನೇ ಮರೆತಿತ್ತು. ತಾರೀಕನ್ನೂ ಮರೆತು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಅದರ ಪ್ರಕಾರ ನನಗಿನ್ನೂ ಮದುವೆಯೇ ಆಗಿರಲಿಲ್ಲ. ಡಿಸ್ಕಿನ ವಿಷಯ ತಿಳಿಸಿಕೊಟ್ಟೆ. ಮಿಕ್ಕದ್ದು ಹಾಗೇ ಇರಲೆಂದು ಬಿಟ್ಟೆ.

ಆಮೇಲೆ ಶುರುವಾಯಿತು ನಾನೇ ಹಿಂದೆ ಮಾಡಿಟ್ಟಿದ್ದ ಅವಾಂತರ. ಆಟ ಎಲ್ಲಿ ಅಳಿಸಿಹೋಗುತ್ತದೋ ಎಂಬ ಭಯಕ್ಕೆ ಅವರು ಅರಕಲಗೂಡಿನಲ್ಲಿದ್ದಾಗ ನಾನು ಹೋದಾಗಲೆಲ್ಲ ಅದನ್ನು ಇನ್ನೊಂದು ಫೋಲ್ಡರಿಗೆ ನಕಲು ಮಾಡುತ್ತಿದ್ದೆ. ಆ ಯಂತ್ರದಲ್ಲಿ ಹೆಸರು ಎಂಟು ಇಂಗ್ಲಿಷ್ ಅಕ್ಷರ ಮೀರುವಂತಿರಲಿಲ್ಲ. ಪರದೆಯ ಮೇಲಿದ್ದ ಹೆಸರುಗಳನ್ನು ಭಾವನಿಗಾಗಿ ಗಟ್ಟಿಯಾಗಿ ಓದಿದೆ: ಕೋಟೆ, ಕೋಟೆಹಳೆ, ಕೋಟೆಹೊಸ, ಇರಲಿ, ಇರಲಿ ಎರಡು, ಬೇಡ್ವೇನೋ.

“ಬೇಡ್ವೇನೋ ಅಂತಾನೂ ಒಂದೈತೇನ್ಲಾ?” ಅಂದರು ಭಾವ. “ನಿನ್ ಜಾತ್ಕಾನೇ ಬರ್ದಿಟ್ಟಂಗೈತಲ್ಲ.”

ಅವರು ಆಡಿ ಉಳಿಸಿಟ್ಟಿದ್ದ ಹಂತಗಳೆಲ್ಲ ‘ಕೋಟೆ’ಯಲ್ಲಿದ್ದವು. ಬಾಯಿಪಾಠವಾಗಿದ್ದ ಓಣಿಗಳೂ ಅವೇ. ಅವು ಸಿಕ್ಕಿದ್ದಕ್ಕೆ ಅರ್ಧ ಜೀವ ಬಂತು. ಆಟ ಶುರುಮಾಡಿದೆ. ಕಾವಲುಗಾರ ಬಾಯಿ ತೆರೆದ. ಅವನ ಕೂಗಿನ ಮೊದಲ ತುಣುಕು ಮಾತ್ರ ಹ ಹ ಹ ಹ ಎಂದು ತಿರುತಿರುಗಿ ಬಂತು, ಆಮೇಲೆ ಯಂತ್ರವೇ ನಿಂತುಹೋಯಿತು.

“ಅವ್ನೂ ನಿನ್ನಂಗೇ ಕಣ್ಲಾ, ಮಾತು ಮುಗ್ಸಕ್ಕೆ ಬರಕಿಲ್ಲ,” ಎಂದು ಭಾವ ನಕ್ಕರು.

ಈ ರೋಗ ನನಗೆ ಗೊತ್ತಿತ್ತು. ಅಂಥ ಕಂಪ್ಯೂಟರಿನಲ್ಲಿ ಪ್ರತಿ ಭಾಗವೂ ಯಜಮಾನನನ್ನು ಕರೆಯಲು ಒಂದೊಂದು ನಂಬರಿನ ಗಂಟೆ ಇರುತ್ತದೆ. ಶಬ್ದದ ಕಾರ್ಡು, ಪ್ರಿಂಟರು ಇಬ್ಬರಿಗೂ ಒಂದೇ ಗಂಟೆ ಸಿಕ್ಕಿಬಿಟ್ಟರೆ ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ತಿಳಿಯದೆ ಯಜಮಾನ ಕಕ್ಕಾಬಿಕ್ಕಿ. ಪೆಟ್ಟಿಗೆ ಬಿಚ್ಚಿ, ಗಂಟೆಯ ನಂಬರು ಬದಲಾಗಲೆಂದು ಕಾರ್ಡಿನ ಮೇಲಿದ್ದ ಎಳ್ಳಿನಷ್ಟು ಪ್ಲಾಸ್ಟಿಕ್ ಕುಲಾವಿಯನ್ನು ಒಂದು ಮುಳ್ಳಿನಿಂದ ಇನ್ನೊಂದು ಮುಳ್ಳಿಗೆ ಬದಲಾಯಿಸಿದೆ. ಅದು ನೆಲಕ್ಕೆ ಬಿದ್ದು, ಅಕ್ಕ ಹುಡುಕಿಕೊಟ್ಟದ್ದನ್ನು ವಿವರಿಸುವುದಿಲ್ಲ. ಆಮೇಲೆ ಆಟಕ್ಕೂ ಹೊಸ ನಂಬರು ತಿಳಿಸಿದೆ. ಮತ್ತೆ ಹ ಹ ಹ ಹ. ಮತ್ತೆ ಬಿಚ್ಚಿದೆ, ಮತ್ತೆ ಹಾಕಿದೆ. ಕಾರ್ಡನ್ನು ಬೈದೆ, ಕರೆಂಟನ್ನು ಬೈದೆ, ಆ ಕೋರ್ಸ್ ಮಾಡಿದ ಗಳಿಗೆಯನ್ನು ಬೈದೆ.

ಊಟಕ್ಕೆ ಕೂತಾಗ ಭಾವ ಕೇಳಿದರು, ಆಟಕ್ಕೆ ನಂಬರು ತಿಳಿಸಿದೆಯಲ್ಲ, ಯಾವ ಫೋಲ್ಡರಿನಲ್ಲಿ? ನಾನು ತುತ್ತು ಹಿಡಿದುಕೊಂಡೇ ಯೋಚಿಸಿದೆ. ನಂಬರು ಬದಲಾಯಿಸಿದ್ದು ‘ಇರಲಿ ಎರಡು’ ಎಂಬುದರಲ್ಲಿ. ಆಡಿಸುತ್ತಿದ್ದದ್ದು ‘ಕೋಟೆ’ಯನ್ನು.

“ರಫ್ ಆಳೇಲಿ ಸರಿ ಮಾಡ್ಬುಟ್ಟು ಉತ್ರಪತ್ರಿಕೇಲಿ ತಪ್ಪು ಬರ್ದಂಗೆ,” ಅಂದರು. ಗಣಿತದ ಮೇಷ್ಟರ ಮುಖದಲ್ಲಿ ಬಹಳ ದಿನದ ಮೇಲೆ ಮೇಷ್ಟರ ಕಳೆ ಇತ್ತು. ಉಳಿದದ್ದೆಲ್ಲ ಅಳಿಸಿಹಾಕು ಎಂದು ಆಜ್ಞೆಯಾಯಿತು. ‘ಕೋಟೆ’ಯ ಹಂತಗಳನ್ನು ಫ್ಲಾಪಿಗೆ ಹಾಕಿಕೊಂಡು, ಮಿಕ್ಕ ಫೋಲ್ಡರುಗಳನ್ನು ಒಂದೊಂದಾಗಿ ಅಳಿಸಿದೆ. ‘ಬೇಡ್ವೇನೋ’ ಅಳಿಸುವಾಗಲೂ ಕೈ ತಡೆಯಿತು.

ಆಮೇಲೆ ಶಬ್ದ ಬಂತು. ಬಾಗಿಲು ಕಿರುಗುಟ್ಟಿತು, ಬೂಟುಗಾಲಿನ ಸದ್ದು, ಪೂರ್ತಿ ಕೂಗು. ಭಾವ ಪಂಚೆ ಸರಿಮಾಡಿಕೊಂಡು ಕೂತರು. ಕಣ್ಣು ಮುಚ್ಚಿಕೊಂಡೇ ಓಣಿ ದಾಟಿದರು, ಬಾಗಿಲು ತೆಗೆದರು, ಎಡಕ್ಕೆ ತಿರುಗಿ ಗುಂಡು ಹಾರಿಸಿದರು. ಗುಂಡು ಗೋಡೆಗೆ ಹೋಯಿತು. ಸತ್ತರು. ಮತ್ತೆ ಎಡಕ್ಕೆ, ಮತ್ತೆ ಸತ್ತರು. ನಾಯಿ ಬೊಗಳಿದಾಗಲೂ ಎಡಕ್ಕೇ. ಬಲಗಡೆಯಿಂದ ಬಂದ ನಾಯಿ ಮೇಲೆ ಬಿತ್ತು.

ಅವರು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಕ್ಕ ಅಡುಗೆಮನೆಯಲ್ಲಿದ್ದಳು. ಅವಳಿಗೆ ಕೇಳದ ಹಾಗೆ ಅಂದರು:

“ಬಲಗಿವೀನೂ ಓಯ್ತೇನೋ ನೋಡ್ಲಾ.”

ಸಕ್ಕರೆ ಕಾಯಿಲೆ ಕಿವಿಗೂ ಬರುತ್ತದೆಯೇ, ಹಾಸನದಲ್ಲಿ ಕಿವಿ ಡಾಕ್ಟರು ಭಾನುವಾರ ಸಿಗುತ್ತಾರೆಯೇ ಎಂದೆಲ್ಲ ಯೋಚಿಸುತ್ತಲೇ ಅವರ ಬಲಗಿವಿಯ ಹತ್ತಿರ ಹೋಗಿ ಮೆಲ್ಲಗೆ ಚಿಟಿಕೆ ಹೊಡೆದೆ. “ಕೇಳ್ತು,” ಅಂದರು, ಅನುಮಾನದಿಂದಲೇ. ಆಗ ಬಗ್ಗಿ ಬಲಗಡೆಯ ಸ್ಪೀಕರಿಗೆ ನಾನೇ ಕಿವಿ ಕೊಟ್ಟೆ. ಅದು ಸದ್ದೇ ಮಾಡುತ್ತಿರಲಿಲ್ಲ. “ಭಾವ, ನಿಮ್ಮ ಕಿವಿಯಲ್ಲ, ಸ್ಪೀಕರ್ರು,” ಎಂದೆ. ಅವರು ಉಸಿರು ಬಿಟ್ಟದ್ದು ಕೇಳಿಸಿತು.

ಆದರೆ ಸ್ಪೀಕರೂ ಅಲ್ಲ. ಅದನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದರೆ ಎರಡೂ ಕಡೆ ಚೆನ್ನಾಗಿ ಕೂಗಿತು. ಹಳೆಯದಕ್ಕೆ ಸಿಕ್ಕಿಸಿದರೆ ಒಂದೇ ಕಡೆ. ಹಿಂಭಾಗದಲ್ಲಿ ಕಾರ್ಡಿನ ಪುಟ್ಟ ದುಂಡನೆಯ ತೂತಿಗೆ ವೈರಿನ ಮೊಳೆ ಪೂರ್ತಿ ಇಳಿಯುತ್ತಿರಲಿಲ್ಲ. ಅರ್ಧಕ್ಕೇ ನಿಂತರೆ ಒಂದೇ ಬದಿಗೆ ಶಬ್ದ ಹೋಗುತ್ತದೆ. ಟಾರ್ಚು ಬಿಟ್ಟು ನೋಡಿದೆ. ತಳದಲ್ಲಿ ಕೆಂಪಗೆ ಕಟ್ಟಿಕೊಂಡಿತ್ತು. ತುಕ್ಕು, ಕಾರ್ಡೇ ಹೋಗಿದೆ, ಇಂಥದ್ದು ಈಗ ಎಲ್ಲೂ ಸಿಗುವುದಿಲ್ಲ ಎಂದು ತೀರ್ಪು ಕೊಟ್ಟೆ. ಭಾವ, ಬಸ್ಸಿಗೆ ಹೊತ್ತಾಯಿತೇನೋ ನೋಡು ಎಂದು ಎದ್ದರು.

ಕಾಫಿ ತಂದ ಅಕ್ಕ ಬಗ್ಗಿ ನೋಡಿದಳು.

“ತುಕ್ಕೆಲ್ಲೈತ್ಲಾ, ಅದು ಕುಂಕ್ಮ,” ಅಂದಳು.

ಪ್ರತಿ ಆಯುಧಪೂಜೆಗೂ ಮನೆಯ ಮಿಕ್ಸಿ, ಹೊಲಿಗೆ ಯಂತ್ರ, ಸೈಕಲ್ಲುಗಳ ಜೊತೆ ಅವಳು ಏಣಿ ಹತ್ತಿ ಅಟ್ಟದ ಕಂಪ್ಯೂಟರಿಗೂ ಪೂಜೆ ಮಾಡುತ್ತಿದ್ದಳಂತೆ. ಅದರ ಮುಖ ಗೋಡೆಯ ಕಡೆಗಿತ್ತು, ಮೇಲಿಂದ ಬೆಡ್‌ಶೀಟು. ಬೆಡ್‌ಶೀಟು ಸರಿಸಿದರೆ ಕೈಗೆ ಸಿಗುತ್ತಿದ್ದದ್ದು ಬೆನ್ನು. ಅಲ್ಲಿ ಒಂದರ ಪಕ್ಕ ಒಂದು ದುಂಡನೆಯ ತೂತುಗಳು, ಬೊಟ್ಟಿಡಲೆಂದೇ ಮಾಡಿದ ಹಾಗೆ. ಬೆರಳಿನಿಂದ ಗಂಧ, ಅದರ ಮೇಲೆ ಕುಂಕುಮ. ವರ್ಷದಿಂದ ವರ್ಷಕ್ಕೆ ಒಣಗಿ ಗಟ್ಟಿಯಾಗಿತ್ತು.

“ಆಡ್ದೆ ಇದ್ರೂ ಮನೆ ಯಂತ್ರ ಅಲ್ವಾ? ಅದ್ಕೊಂದ್ ಬುಟ್ಬುಟ್ರೆ ಏನನ್ಕಂಡಾತು?” ಅಂದಳು. ನಾನು ನಗುವ ಹಾಗಿರಲಿಲ್ಲ. ನಿಂಬೆಹಣ್ಣು ಚಕ್ರದಡಿ ಸರಿಯಾಗಿ ಅಪ್ಪಚ್ಚಿಯಾಗಲಿಲ್ಲವೆಂದು ಸ್ಕೂಟರನ್ನು ಹಿಂದಕ್ಕೆ ತಳ್ಳಿ ಮತ್ತೆ ಓಡಿಸಿದವನು ನಾನು.

ವೈರು ಕಿತ್ತು, ಕಾರ್ಡು ಹೊರಗೆ ತೆಗೆದು, ಪೇಪರಿನ ಮೇಲಿಟ್ಟೆ. ಅಕ್ಕ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ನನ್ನ ಕೈಗೆ ಕೊಡುವುದರಲ್ಲಿದ್ದಳು. ಕುಲಾವಿ ಬೀಳಿಸಿದ್ದು ನೆನಪಾಯಿತೇನೋ, ತಾನೇ ಕೂತಳು. ಕಿವಿಯ ಗುಗ್ಗೆ ತೆಗೆಯುವಷ್ಟು ಹುಷಾರಾಗಿ ಕೆರೆದಳು. ಕೆಂಪು ಪುಡಿ, ಹಳದಿ ಹೆಕ್ಕಳೆಗಳು ಉದುರಿದವು. ತುಳಿದಾಡಬಾರದೆಂದು ಪೇಪರನ್ನು ಮಡಿಸಿ ಒಯ್ದು ತುಳಸಿಯ ಬುಡಕ್ಕೆ ಸುರಿದು ಬಂದಳು. ಕಾರ್ಡು ಮತ್ತೆ ಕೂರಿಸಿ ಮೊಳೆ ಒತ್ತಿದೆ. ಟಕ್ ಎಂದು ತಳ ಮುಟ್ಟಿತು.

ಭಾವ ಮತ್ತೆ ಕೂತರು. ಓಣಿ, ಬಾಗಿಲು. ಕೂಗು ಬಂತು. ಅವರು ಒಂದು ಕ್ಷಣ ತಡೆದರು, ತಲೆ ಸ್ವಲ್ಪ ವಾಲಿತು, ಬೆರಳು ತಡವಾಯಿತು. ಗುಂಡು ತಗುಲಿ ಪರದೆಯೆಲ್ಲ ಕೆಂಪಾಯಿತು.

ನಾನು ಛೇ ಅಂದೆ.

“ಬಲಗಡೆಯಿಂದ ವಡ್ದ ಕಣ್ಲಾ,” ಅಂದರು ಭಾವ. ಮುಖ ಅರಳಿತ್ತು. “ಬಲಗಡೆ ಮೂಲೇಲಿ ನಿಂತಿದ್ದ. ಗೊತ್ತಾಯ್ತು ನಂಗೆ.”

ಮುಂದಿನ ಸಲ ಆ ಕಾವಲುಗಾರನೇ ಬಿದ್ದ. ಅವನ ಹಿಂದಿನ ನಾಯಿಯೂ ಬಿತ್ತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನಾನು ಅಭ್ಯಾಸಬಲದಿಂದ ಹಿಂದೆ ಯಾರೋ ಬಂದರು ಎನ್ನಲು ಬಾಯಿ ತೆರೆದರೆ ಕೈಯೆತ್ತಿ ಸುಮ್ಮನಿರಿಸಿದರು. ಕಡೇ ಬಸ್ಸು ತಪ್ಪುತ್ತದೆಂದು ಎದ್ದಾಗ ಅವರು ತಿರುಗಲಿಲ್ಲ, ಬತ್ತಾ ಇರು ಅಂದರು.

ಆ ವಾರವೆಲ್ಲ ನನಗೆ ಚಿಂತೆ. ಕಾರ್ಡು ಸುಟ್ಟಿತೋ, ಹಂತಗಳು ಅಳಿಸಿದವೋ, ಅವರು ಬೇಸತ್ತು ಬಿಟ್ಟರೋ. ನಾನಾಗಿ ಫೋನ್ ಮಾಡಿ ಕೇಳಲು ಧೈರ್ಯವಿಲ್ಲ. ಕೊನೆಗೆ ಅಕ್ಕನೇ ಮಾಡಿದಳು. ಒಂದೇ ಉಸಿರಿನಲ್ಲಿ ದೂರು. ಮಿಕ್ಸಿ ಹಾಕುವ ಹಾಗಿಲ್ಲ, ಟಿವಿ ಹಾಕುವ ಹಾಗಿಲ್ಲ, ಪಾತ್ರೆ ಸದ್ದು ಮಾಡುವ ಹಾಗಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ ಎಂದರೆ, ಗೇಟಿಗೆ ಯಾರು ಬಂದರೆಂದು ಮತ್ತೆ ಹೇಗೆ ತಿಳಿಯಬೇಕು ಎಂದು ಜಗಳ. ಚಟ್ನಿಯನ್ನು ಒರಳಿನಲ್ಲಿ ರುಬ್ಬಲು ಕೂತರೆ, ಆ ಗುಂಡುಕಲ್ಲಿನ ಸದ್ದಿಗೆ ಬೂಟಿನ ಸದ್ದು ಕೇಳುವುದಿಲ್ಲವಂತೆ.

“ಬೆಳಗಿಂದ ಬೈತಾವ್ರೆ ಕಣ್ಲಾ,” ಅಂದಳು.

ಅಷ್ಟರಲ್ಲಿ ಒಳಗಿನಿಂದ ಗುಂಡಿನ ಸದ್ದು, ನಾಯಿ ಬೊಗಳಿದ್ದು, ಆಮೇಲೆ ಫೋನಿನಲ್ಲಿ ಮೆಲ್ಲಗೆ ಮಾತಾಡಬಾರದೇ ಎಂದು ಭಾವ ಗದರಿದ್ದು ಸ್ಪಷ್ಟವಾಗಿ ಕೇಳಿಸಿತು. ಅಕ್ಕ ಫೋನನ್ನು ಬಾಯಿಗೆ ಹತ್ತಿರ ಹಿಡಿದು, ದನಿ ತಗ್ಗಿಸಿ, ಇನ್ನೂ ಬಹಳ ಹೊತ್ತು ಅವರ ಮೇಲೆ ದೂರು ಹೇಳಿದಳು. ನಾನು ಕುರ್ಚಿ ಎಳೆದುಕೊಂಡು ಕೂತು ಕೇಳಿದೆ.