ಆಪರೇಷನ್ ಕೋಣೆಯ ಹೊದಿಕೆ ಮಡಚುವ ದೊಡ್ಡಕ್ಕ

ಬೆಳಗ್ಗೆ ಐದೂವರೆ. ಆಸ್ಪತ್ರೆಯ ಹಿಂಬದಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇನ್ನೂ ಯಂತ್ರ ತಿರುಗಿಲ್ಲ. ದೊಡ್ಡಕ್ಕ ಒಬ್ಬರೇ ಬಂದು, ಬಿಸಿನೀರಿನ ಬಕೆಟ್ಟಿನ ಮುಂದೆ ಸ್ಟೂಲ್ ಎಳೆದುಕೊಂಡು, ಎರಡೂ ಕೈ ಮುಳುಗಿಸಿ ಕೂತಿದ್ದಾರೆ. ಬೆರಳ ಗೆಣ್ಣುಗಳು ಊದಿವೆ. ಬೆರಳುಗಳೆಲ್ಲ ಒಂದೇ ಕಡೆ ವಾಲಿವೆ. "ಎದ್ದು ಒಂದು ಗಂಟೆ ಈ ಕೈ ನನ್ನ ಮಾತು ಕೇಳಲ್ಲ. ಅದಕ್ಕೇ ಬೇಗ ಬಂದು ಮುದ್ದು ಮಾಡ್ತೀನಿ," ಎನ್ನುತ್ತಾರೆ.

ಇಪ್ಪತ್ತಾರು ವರ್ಷದಿಂದ ಆಪರೇಷನ್ ಕೋಣೆಯ ಹೊದಿಕೆ ಮಡಚುವ ಮೇಜು ಇವರದು. ಅಂಚು ಹಿಡಿದು ಒಮ್ಮೆ ಎಳೆದರೆ, ನಡುವಿಗೆ ಯಾರ ಕೈಯೂ ತಾಗದೆ ಹೊದಿಕೆ ರೋಗಿಯ ಮೇಲೆ ಹರಡಿಕೊಳ್ಳಬೇಕು. ಮಡಿಕೆ ತಪ್ಪಿದರೆ ಆಪರೇಷನ್ ಕೋಣೆಯಿಂದ ಇಡೀ ಕಟ್ಟು ವಾಪಸು. ದಿನಕ್ಕೆ ನೂರಿಪ್ಪತ್ತು ಹೊದಿಕೆ, ಇಬ್ಬರು ಎದುರುಬದುರು ನಿಂತು ಮಡಚಬೇಕು. ಎದುರಿಗೆ ನಿಲ್ಲುವವಳು ಒಡಹುಟ್ಟಿದ ತಂಗಿ. ಎಲ್ಲರ ಬಾಯಲ್ಲಿ ಅವಳು 'ಕಡ್ಡಿ'.

ಕಡ್ಡಿಯ ಬೆರಳುಗಳು ನೆಟ್ಟಗಿವೆ. ಮೈಯಲ್ಲಿ ಹಿಡಿ ಮಾಂಸ ಹೆಚ್ಚಿಲ್ಲ. ಅಷ್ಟಗಲದ ಹೊದಿಕೆಯನ್ನು ಕರ್ಚೀಫಿನಂತೆ ಝಾಡಿಸುತ್ತಾಳೆ.

"ಸುಳ್ಳು ಯಾಕೆ, ಹೊಟ್ಟೆ ಉರಿಯುತ್ತೆ," ಎನ್ನುತ್ತಾರೆ ದೊಡ್ಡಕ್ಕ. "ಒಂದೇ ತಾಯಿ ಮಕ್ಕಳು. ಅವಳಿಗೆ ಆ ಕೈ, ನನಗೆ ಈ ಕೈ. ಬೇಕಂತಲೇ ನನ್ನೆದುರು ನೆಟಿಕೆ ಮುರೀತಾಳೆ ನೋಡಿ."

"ನೆಟಿಕೆ ಮುರಿಯೋಕೂ ನಿನ್ನ ಅಪ್ಪಣೆ ಬೇಕೇನೇ ಅಕ್ಕ?" ಎಂದು ತಂಗಿ ಮತ್ತೊಂದು ಮುರಿಯುತ್ತಾಳೆ.

ದೊಡ್ಡಕ್ಕನಿಗೆ ರುಮಟಾಯ್ಡ್ ಸಂಧಿವಾತ ಬಂದು ಹನ್ನೊಂದು ವರ್ಷ. ರೋಗ ತಡೆಯಬೇಕಾದ ಮೈಯ ಕಾವಲೇ ತಿರುಗಿಬಿದ್ದು ಕೀಲುಗಳನ್ನು ಕಾಡುವ ಕಾಯಿಲೆ. ನೋವಿಗೆ ಓಡಾಟ ಕಡಿಮೆಯಾಯಿತು, ಮಾತ್ರೆಗೆ ಹಸಿವು ಹೆಚ್ಚಿತು, ತೂಕ ಹದಿನೆಂಟು ಕಿಲೋ ಏರಿತು. ಹೋದ ವರ್ಷ ಯಾರೋ ತಂಗಿಯನ್ನು ತೋರಿಸಿ, "ನಿಮ್ಮ ಮಗಳಾ?" ಎಂದು ಕೇಳಿದರಂತೆ. ಅವತ್ತೇ ಮಾತ್ರೆ ಡಬ್ಬಿ ಅಟ್ಟ ಸೇರಿತು. "ಮಾತ್ರೆ ಬಿಟ್ಟರೆ ನಾನೂ ಕಡ್ಡಿ ಆಗ್ತೀನಿ ಅಂದ್ಕೊಂಡೆ. ಅವಳಿಗೂ ಹೇಳಲಿಲ್ಲ. ಹೇಳಿದ್ರೆ ಅವಳೇ ಗೆದ್ದ ಹಾಗಲ್ವಾ?"

ಮೂರನೇ ವಾರಕ್ಕೆ ಕೀಲುಗಳೆಲ್ಲ ಊದಿಕೊಂಡವು, ಕಟ್ಟುಗಳು ವಾಪಸು ಬರತೊಡಗಿದವು. ಉಸ್ತುವಾರಿ ಸಾಹೇಬರು ಮೇಜನ್ನು ತಂಗಿಗೆ ಬಿಡಲು ಹೇಳಿದರು. ಅದೇ ಸಂಜೆ ಮೆಟ್ಟಿಲ ಮೇಲೆ ದೊಡ್ಡಕ್ಕನ ಎದೆ ಹಿಂಡಿದ ಹಾಗಾಯಿತು. ತೋಳು ಕೊಟ್ಟು ಡಾಕ್ಟರ ಬಳಿ ಕರೆದೊಯ್ದವಳು ಕಡ್ಡಿಯೇ.

ಡಾಕ್ಟರು ಬೈಯಲಿಲ್ಲ. "ಅಮ್ಮಾ, ಕೀಲಿನ ಉರಿ ಕೀಲಲ್ಲೇ ಇರಲ್ಲ, ರಕ್ತನಾಳಕ್ಕೂ ತಗಲುತ್ತೆ. ಅದರ ಮೇಲೆ ಈ ತೂಕ. ಎರಡೂ ಸೇರಿ ಹೃದಯಕ್ಕೆ ಭಾರ. ತೂಕ ಇಳಿಸೋಣ, ಮಾತ್ರೆ ಬದಲಾಯಿಸೋಣ. ಆದ್ರೆ ನೀವಾಗಿ ನೀವು ನಿಲ್ಲಿಸಬೇಡಿ," ಎಂದರು.

ನಾಲ್ಕು ದಿನ ಹಾಸಿಗೆ. ಅಷ್ಟರಲ್ಲಿ ಕಡ್ಡಿ ಬೇರೊಬ್ಬಳ ಜೊತೆ ಮಡಚಿದ ಒಂಬತ್ತು ಕಟ್ಟು ವಾಪಸು ಬಂದವು. ಎಲ್ಲದರಲ್ಲೂ ತಪ್ಪಿದ್ದು ಕೊನೇ ಮಡಿಕೆ. ದೊಡ್ಡಕ್ಕ ಅದನ್ನು ಬೆರಳಿನಿಂದಲ್ಲ, ಅಂಗೈಯ ಬದಿಯಿಂದ ಒತ್ತಿ ಒಳಗೆ ದೂಡುತ್ತಾರೆ. ಬೆರಳು ಸೋತ ಮೇಲೆ ಅವರೇ ಕಂಡುಕೊಂಡ ದಾರಿ ಅದು.

"ಒಂಬತ್ತು ಅಂತ ಕೇಳಿದಾಗ ಎಷ್ಟು ಖುಷಿಯಾಯ್ತು ಗೊತ್ತಾ? ಮುಸುಕು ಹಾಕ್ಕೊಂಡು ನಕ್ಕೆ."

"ನನಗೇನು ಉರಿಯಲ್ವಾ?" ತಂಗಿಯ ದನಿ ಗಡುಸಾಗುತ್ತದೆ. "ಇಷ್ಟು ನೆಟ್ಟಗಿನ ಬೆರಳಿಟ್ಕೊಂಡು ಇವಳ ಸೊಟ್ಟ ಕೈ ಮಾಡೋದು ನನಗೆ ಬರಲ್ಲ!"

ಸಾಹೇಬರು ಮೇಜನ್ನು ದೊಡ್ಡಕ್ಕನಿಗೇ ಬಿಟ್ಟರು. ಈಗ ಮಾತ್ರೆ ತಪ್ಪುವುದಿಲ್ಲ. ಸಂಜೆ ಆವರಣದ ಸುತ್ತ ಎಂಟು ಸುತ್ತು, ಬೇಗ ನಡೆ ಎಂದು ಹಿಂದಿನಿಂದ ತಂಗಿಯ ಕಾಟ. ಆರು ಕಿಲೋ ಇಳಿದಿದೆ.

ನಿವೃತ್ತಿಗೆ ಇನ್ನು ಆರು ವರ್ಷ. ಅಲ್ಲಿಯವರೆಗೆ ಮೇಜಿನ ಮುಂದೆ ನಿಂತಿದ್ದರೆ ಸಾಕು ಎನ್ನುತ್ತಾರೆ ದೊಡ್ಡಕ್ಕ. ಆಮೇಲೆ ಮೇಜು ಯಾರಿಗೆ ಎಂದರೆ, ತಂಗಿ ಅತ್ತ ಹೋಗುವವರೆಗೆ ಕಾದು, ದನಿ ತಗ್ಗಿಸುತ್ತಾರೆ.

"ಇನ್ಯಾರಿಗೆ, ಅವಳಿಗೇ. ಎಲ್ಲ ಕಲಿಸ್ತೀನಿ. ಕೊನೇ ಮಡಿಕೆ ಮಾತ್ರ ಕೊನೇ ದಿನ."